ಶೇಂಗಾ ಬೀಜ ಕಲಿಸಿದ ಅವಧಾನ

ಮಠದ ಪಾಠಶಾಲೆಯಲ್ಲಿ ಬೆಳೆದವರಿಗೆ ಹುಡುಗರ ಗದ್ದಲ ಗೊತ್ತಿರುತ್ತದೆ, ಕೂಸಿನ ಅಳು ಗೊತ್ತಿರುವುದಿಲ್ಲ. ನಾನು ಮಠ ಸೇರಿದಾಗ ನನಗೆ ಹತ್ತು ವರ್ಷ. ಅಲ್ಲಿದ್ದವರಲ್ಲಿ ನಾನೇ ಅತ್ಯಂತ ಕಿರಿಯ. ನಸುಕಿನಲ್ಲಿ ಏಳುವುದು, ತಣ್ಣೀರಿನ ಸ್ನಾನ, ಇಷ್ಟಲಿಂಗ ಪೂಜೆ, ಶಬ್ದರೂಪಗಳ ಬಾಯಿಪಾಠ, ಪಂಕ್ತಿಯಲ್ಲಿ ಕುಳಿತು ನೀಡಿದ್ದನ್ನು ಚೆಲ್ಲದೆ ಉಣ್ಣುವುದು, ಇವು ನಮ್ಮ ದಿನಚರಿ. ಮುಂದೆ ಗೃಹಸ್ಥನಾದೆ, ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾದೆ. ಆದರೂ ಮನಸ್ಸು ಮಠದ ಅಂಗಳದಲ್ಲಿಯೇ ಉಳಿಯಿತು. ರಜೆ ಬಂದರೆ ಪ್ರವಚನ, ಶ್ರಾವಣ ಬಂದರೆ ಪುರಾಣ. ನನ್ನ ಮಗ ಮೊದಲ ಹೆಜ್ಜೆ ಇಟ್ಟಾಗ ನಾನು ಹರಪನಹಳ್ಳಿ ಸೀಮೆಯ ಒಂದು ಊರಿನಲ್ಲಿ ಶರಣರ ಚರಿತ್ರೆ ಹೇಳುತ್ತ ಕುಳಿತಿದ್ದೆ. ಅವನು ಮಾತು ಕಲಿತದ್ದು, ಹಲ್ಲು ಮೂಡಿ ಜ್ವರ ಬಂದದ್ದು, ಅನ್ನ ಉಣ್ಣಲು ಹಟ ಮಾಡಿದ್ದು, ಎಲ್ಲವನ್ನೂ ನನ್ನ ಮಡದಿಯ ಬಾಯಿಂದ ಕೇಳಿ ತಿಳಿದೆನೇ ಹೊರತು ಕಣ್ಣಿಂದ ಕಂಡವನಲ್ಲ.

ಹೀಗಿರಲು, ಅರವತ್ತು ದಾಟಿದ ಮೇಲೆ ಆ ಪಾಠವನ್ನು ಹೊಸದಾಗಿ ಕಲಿಯುವ ಯೋಗ ನನಗೆ ಒದಗಿತು. ಮಗ ಕಾನಹೊಸಹಳ್ಳಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಸೊಸೆ ಸಮೀಪದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹೊತ್ತು ಏರುವ ಮುನ್ನ ಇಬ್ಬರೂ ಹೊರಟುಬಿಡುತ್ತಾರೆ. ಮಡದಿಗೆ ಮೊಣಕಾಲು ನೋವು. ಹಾಗಾಗಿ ಮೊಮ್ಮಗನ ಹಿಂದೆ ಓಡಾಡುವ ಕೆಲಸ ಪಂಡಿತನ ಪಾಲಿಗೆ ಬಂತು.

ನಮ್ಮೂರನ್ನು ಅರಿಯದವರಿಗಾಗಿ ಒಂದು ಮಾತು. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಕೂಡ್ಲಿಗಿ ತಾಲ್ಲೂಕಿಗೆ ಸೇರಿದ ಊರು ಇದು. ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಮಳೆಯನ್ನೇ ನಂಬಿದ ಕೆಂಪು ಮಣ್ಣಿನ ಸೀಮೆ. ಜೋಳ, ಶೇಂಗಾ ನಮ್ಮ ಜನರ ಆಸರೆ. ಶೇಂಗಾ ಇಲ್ಲದ ಮನೆ ಇಲ್ಲಿಲ್ಲ. ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಸಂಜೆಯ ಹರಟೆಗೆ ಹುರಿದ ಶೇಂಗಾ. ಈ ಲೇಖನದ ಕಥೆಯೂ ಅಂಥದೊಂದು ಬೀಜದ್ದೇ.

ಮೊಮ್ಮಗನಿಗೆ ಆಗ ಒಂದು ವರ್ಷ ಹತ್ತು ತಿಂಗಳು. ಬೆಳಿಗ್ಗೆ ನಾನು ಪೂಜೆಗೆ ಕುಳಿತರೆ ಎದುರಿಗೆ ಬಂದು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ವಿಭೂತಿಯನ್ನು ಹಣೆಗೆ ಬಳಿದುಕೊಳ್ಳಲು ಹೋಗಿ ಮೂಗು, ಕೆನ್ನೆ, ಹೊಟ್ಟೆಗೆಲ್ಲ ಬಳಿದುಕೊಳ್ಳುತ್ತಿದ್ದ. ನಾನು ಕರಸ್ಥಲದಲ್ಲಿ ಲಿಂಗವನ್ನಿಟ್ಟು ದೃಷ್ಟಿ ನೆಟ್ಟರೆ ಅವನೂ ತನ್ನ ಬರಿಯ ಅಂಗೈಯನ್ನು ಮುಖದ ಮುಂದೆ ಹಿಡಿದು ನೋಡುತ್ತಿದ್ದ. ಒಂದೆರಡು ಸಲ ಕೈಚಾಚಿ ನನ್ನ ಲಿಂಗಕ್ಕೇ ಕೈ ಹಾಕಿದ್ದೂ ಉಂಟು. ಮೊದಮೊದಲು ಗದರಿಸಿದೆ, ಆಮೇಲೆ ಗದರುವುದನ್ನು ಮರೆತೆ. ನಡುಹಗಲು ಅನ್ನ ಕಲಸಿ ತಿನ್ನಿಸುವಷ್ಟರಲ್ಲಿ ನನ್ನ ಪಂಚೆ, ನೆಲ, ಗೋಡೆ ಎಲ್ಲಕ್ಕೂ ನೈವೇದ್ಯವಾಗುತ್ತಿತ್ತು. ಮಡದಿ ಬಾಗಿಲಲ್ಲಿ ನಿಂತು ನಗುತ್ತ, “ನಲವತ್ತು ವರ್ಷದ ಹಿಂದಿನ ಬಾಕಿ ಈಗ ತೀರಿಸ್ತಾ ಇದೀರಿ” ಎನ್ನುತ್ತಿದ್ದಳು. ಆ ಮಾತಿನಲ್ಲಿ ಹಾಸ್ಯವೂ ಇತ್ತು, ಹಳೆಯ ನೋವೂ ಇತ್ತು.

ಇನ್ನು ಸ್ನೇಹಿತರ ವಿಷಯ. ಪ್ರತಿ ಸೋಮವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಐದಾರು ಜನ ಸೇರುವುದು ಬಹುಕಾಲದ ರೂಢಿ. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು, ಕಿರಾಣಿ ಅಂಗಡಿಯ ಹಿರಿಯರೊಬ್ಬರು, ಸಾರಿಗೆ ಬಸ್ಸು ಓಡಿಸಿ ನಿವೃತ್ತರಾದವರೊಬ್ಬರು, ಶೇಂಗಾ ಬೆಳೆಯುವ ರೈತರೊಬ್ಬರು, ಬಟ್ಟೆ ಹೊಲಿಯುವ ಸಾಬರೊಬ್ಬರು. ಇದಕ್ಕೆ ಗೋಷ್ಠಿ ಎಂಬ ದೊಡ್ಡ ಹೆಸರು ಬೇಡ. ಒಂದು ವಚನ ಓದುತ್ತೇವೆ, ತಿಳಿದಷ್ಟು ಅರ್ಥ ಹೇಳಿಕೊಳ್ಳುತ್ತೇವೆ, ಆಮೇಲೆ ಮಾತು ಮಳೆಗೆ, ಮಾರುಕಟ್ಟೆಯ ಧಾರಣೆಗೆ, ಮಂಡಿನೋವಿಗೆ ಹರಿಯುತ್ತದೆ. ಚಹಾದ ಜೊತೆಗೆ ಒಗ್ಗರಣೆ ಮಂಡಕ್ಕಿಯೋ ಮೆಣಸಿನಕಾಯಿ ಬಜ್ಜಿಯೋ ಇದ್ದರೆ ಸಂಜೆ ತುಂಬಿದಂತೆ.

ಈ ಕೂಟಕ್ಕೆ ಅಧ್ಯಕ್ಷನೆಂದರೆ ನನ್ನ ಮೊಮ್ಮಗ. ಒಬ್ಬರ ತೊಡೆಯಿಂದ ಮತ್ತೊಬ್ಬರ ತೊಡೆಗೆ ನಡೆಯುತ್ತ ಎಲ್ಲರ ಮುಂದೆಯೂ ಬಾಯಿ ತೆರೆಯುತ್ತಿದ್ದ. ಯಾರೂ ಅವನನ್ನು ಬರಿಬಾಯಲ್ಲಿ ಕಳಿಸಿದವರಲ್ಲ. ಒಬ್ಬರು ಮಂಡಕ್ಕಿ ಹಾಕಿದರೆ ಮತ್ತೊಬ್ಬರು ಬೆಲ್ಲದ ಚೂರು, ಇನ್ನೊಬ್ಬರು ಕೊಬ್ಬರಿ. “ನೋಡಿರಿ, ನಮ್ಮ ಪುಟ್ಟ ಜಂಗಮಯ್ಯ ಭಿಕ್ಷಕ್ಕೆ ಹೊರಟ” ಎಂದು ನಾನು ಹೆಮ್ಮೆಯಿಂದ ಹೇಳುತ್ತಿದ್ದೆ. ಸೊಸೆ ಒಂದೆರಡು ಸಲ, “ಮಾವಾರೆ, ಗಟ್ಟಿ ಪದಾರ್ಥ ಅವನ ಬಾಯಿಗೆ ಹಾಕಬೇಡ್ರಿ” ಎಂದು ಮೆಲ್ಲಗೆ ಹೇಳಿದ್ದುಂಟು. ಈಗಿನ ಕಾಲದವರ ಅತಿ ಜಾಗರೂಕತೆ ಎಂದು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋದ ವರ್ಷ ಕಾರ್ತಿಕ ಮಾಸದ ಒಂದು ಸೋಮವಾರ. ಹೊಲದಿಂದ ಹೊಸ ಶೇಂಗಾ ಬಂದಿತ್ತು. ರೈತ ಮಿತ್ರರು ಒಂದು ಚೀಲ ತಂದಿದ್ದರು. ಮಡದಿ ಅದರಲ್ಲಿ ಒಂದು ಮೊರದಷ್ಟು ಹುರಿದು ನಡುವೆ ಇಟ್ಟಳು. ಅಂದು ಮುಖ್ಯೋಪಾಧ್ಯಾಯರು ಷಟ್‌ಸ್ಥಲದ ಬಗ್ಗೆ ಕೇಳಿದರು. ನನ್ನ ಇಷ್ಟದ ವಿಷಯ. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ, ಹೀಗೆ ಒಂದೊಂದು ಸ್ಥಲಕ್ಕೆ ಒಂದೊಂದು ಭಕ್ತಿ ಎಂದು ವಿವರಿಸುತ್ತ ಪ್ರಸಾದಿಸ್ಥಲಕ್ಕೆ ಬಂದೆ. ಅವಧಾನವೆಂದರೆ ಎಚ್ಚರ. ಏನನ್ನು ಅರ್ಪಿಸುತ್ತಿದ್ದೇನೆ, ಯಾರಿಗೆ ಅರ್ಪಿಸುತ್ತಿದ್ದೇನೆ, ಯಾವ ಮನಸ್ಸಿನಿಂದ ಅರ್ಪಿಸುತ್ತಿದ್ದೇನೆ ಎಂಬ ಅರಿವು ತಪ್ಪಿದರೆ ಅದು ಅರ್ಪಿತವಲ್ಲ ಎಂದು ಹೇಳುತ್ತಿದ್ದೆ. ಆ ವಾಕ್ಯದ ನಡುವೆಯೇ ಮಗು ಬಂದು ನನ್ನ ಮೊಣಕಾಲು ಹಿಡಿದು ಬಾಯಿ ತೆರೆಯಿತು. ನಾನು ಮಾತು ನಿಲ್ಲಿಸಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ. ಬೆರಳಿಗೆ ಸಿಕ್ಕ ಎರಡು ಬೀಜವನ್ನು ಸಿಪ್ಪೆ ಉಜ್ಜಿ ಅವನ ಬಾಯಿಗೆ ಹಾಕಿದೆ.

ಯಾರೋ ಏನೋ ಹೇಳಿದರು, ಎಲ್ಲರೂ ನಕ್ಕರು, ಮಗುವೂ ನಕ್ಕಿತು. ಮರುಕ್ಷಣವೇ ಕೆಮ್ಮು. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿ, ಒಂದು ಗಳಿಗೆ ಉಸಿರು ಕಟ್ಟಿದಂತಾಯಿತು. “ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡ್ರು” ಎಂದು ಕಿರಾಣಿ ಅಂಗಡಿಯವರು ನೆತ್ತಿ ತಟ್ಟಿದರು. ನಾನು ಬೆನ್ನು ಸವರಿದೆ. ಅಡುಗೆಮನೆಯಿಂದ ಮಡದಿ ನೀರು ತರುವಷ್ಟರಲ್ಲಿ ಕೆಮ್ಮು ನಿಂತಿತ್ತು. ಮಗು ಮತ್ತೆ ಆಡತೊಡಗಿತು. ನಾನು ಅವಧಾನದ ವಿವರಣೆಯನ್ನು ಬಿಟ್ಟ ಜಾಗದಿಂದಲೇ ಮುಂದುವರಿಸಿದೆ. ಸೊಸೆ ಶಾಲೆಯ ಕೆಲಸಕ್ಕೆಂದು ಕೂಡ್ಲಿಗಿಗೆ ಹೋಗಿದ್ದವಳು ಬಂದದ್ದು ಆಮೇಲೆ.

ಮರುದಿನ ಸಣ್ಣಗೆ ಕೆಮ್ಮು ಶುರುವಾಯಿತು. ಸೊಸೆ ಕೇಳಿದಳು: “ಮಾವಾರೆ, ನಿನ್ನೆ ಮಗು ಏನಾದ್ರೂ ತಿಂದಿತ್ತೇನ್ರಿ?” ನಾನು ಹೇಳಿದೆ: “ಏನಿಲ್ಲವ್ವ, ಹವಾ ತಣ್ಣಗಾಗಿದೆ, ನೆಗಡಿ.”

ಓದುಗ ಬಂಧುಗಳೆ, ಈ ಒಂದು ವಾಕ್ಯವನ್ನು ಬರೆಯುವುದಕ್ಕಾಗಿಯೇ ನಾನು ಈ ಲೇಖನಕ್ಕೆ ಕೈಹಾಕಿದೆ. ಆ ಕ್ಷಣದಲ್ಲಿ ಶೇಂಗಾ ಬೀಜ ನನಗೆ ನೆನಪಿರಲಿಲ್ಲವೆಂದು ಹೇಳಿಕೊಳ್ಳಬಹುದು. ಅದು ನಿಜವಲ್ಲ. ನೆನಪಿತ್ತು. ಸೊಸೆ ಬೇಡವೆಂದು ಹೇಳಿದ್ದನ್ನು ಮಾಡಿದ್ದೇನೆ ಎಂಬುದು ತಿಳಿದಿತ್ತು. ಐದು ಜನ ಸ್ನೇಹಿತರ ಎದುರು ಪಂಡಿತನಾಗಿ ಕುಳಿತಿದ್ದವನು ಮರುದಿನ ಬೆಳಿಗ್ಗೆ ಮಗಳ ವಯಸ್ಸಿನ ಹುಡುಗಿಯ ಮುಂದೆ ತಪ್ಪೊಪ್ಪಿಕೊಳ್ಳಲು ನಾಚಿದೆ. ಕೆಮ್ಮು ನಿಂತಿತಲ್ಲ, ಇನ್ನೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹುಸಿ ನುಡಿಯಬಾರದೆಂದು ಎಷ್ಟು ಊರುಗಳಲ್ಲಿ ಉಪದೇಶ ಮಾಡಿದ್ದೆನೋ!

ಮೂರನೆಯ ದಿನ ಮೈ ಬೆಚ್ಚಗಾಯಿತು. ದೊಡ್ಡಪತ್ರೆಯ ರಸ, ಜೇನು ಎಲ್ಲ ಆಯಿತು. ಊರಿನ ವೈದ್ಯರಿಗೆ ತೋರಿಸಿದೆವು; ನೆಗಡಿಯೆಂದು ನಾವೇ ಹೇಳಿದ್ದರಿಂದ ಅವರು ನೆಗಡಿಗೆ ಔಷಧ ಕೊಟ್ಟರು. ಎರಡು ದಿನ ಕಡಿಮೆಯಾಯಿತು, ಮತ್ತೆ ಮರುಕಳಿಸಿತು. ಒಂಬತ್ತನೆಯ ದಿನ ರಾತ್ರಿ ಮಗು ಮಲಗಿದ್ದಾಗ ಅದರ ಎದೆಯಿಂದ ಸಣ್ಣ ಸಿಳ್ಳೆಯಂಥ ಸದ್ದು ಕೇಳಿಸಿತು. ಪಕ್ಕೆಗಳ ನಡುವೆ ಚರ್ಮ ಒಳಕ್ಕೆ ಸೆಳೆಯುತ್ತಿತ್ತು. ನಸುಕಿನಲ್ಲಿಯೇ ಕಾರು ಮಾಡಿಕೊಂಡು ಜಗಳೂರಿನ ಮೇಲೆ ದಾವಣಗೆರೆಗೆ ಹೊರಟೆವು. ದಾರಿಯುದ್ದಕ್ಕೂ ಸೊಸೆ ಮಾತಾಡಲಿಲ್ಲ. ಮಗುವಿನ ಎದೆಯ ಮೇಲೆ ಅಂಗೈ ಇಟ್ಟು ಕುಳಿತಿದ್ದಳು.

ಅಲ್ಲಿಯ ಮಕ್ಕಳ ವೈದ್ಯೆ ಚಿಕ್ಕ ವಯಸ್ಸಿನವರು. ಎದೆಯ ಎರಡು ಭಾಗಕ್ಕೂ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದರು. ಬಲಗಡೆ ಗಾಳಿ ಸರಿಯಾಗಿ ಆಡುತ್ತಿಲ್ಲ ಎಂದರು. ಆಮೇಲೆ ಎಲ್ಲರ ಕಡೆಗೂ ನೋಡಿ ಕೇಳಿದರು: “ಮಗು ಏನಾದರೂ ತಿನ್ನುತ್ತಿರುವಾಗ ಒಮ್ಮೆಲೇ ಕೆಮ್ಮು ಬಂದು ಉಸಿರು ಕಟ್ಟಿದಂತೆ ಆಗಿತ್ತೇ?” ಸೊಸೆ, “ಇಲ್ಲ ಮೇಡಂ” ಎಂದಳು. ಮಗನೂ ತಲೆಯಾಡಿಸಿದ. ಮಡದಿ ನನ್ನ ಮುಖ ನೋಡಿದಳು.

“ಆಗಿತ್ತು,” ಎಂದೆ. “ಹುರಿದ ಶೇಂಗಾ. ನಾನೇ ಕೊಟ್ಟೆ. ಇಂದಿಗೆ ಹತ್ತು ದಿನ.”

ವೈದ್ಯೆ ನನ್ನನ್ನು ಬೈಯಲಿಲ್ಲ. “ಈಗಲಾದರೂ ಹೇಳಿದಿರಲ್ಲ, ಒಳ್ಳೆಯದಾಯಿತು” ಎಂದಷ್ಟೇ ಹೇಳಿ ಕಾಗದ ಬರೆಯತೊಡಗಿದರು. ಅವರು ಆಮೇಲೆ ನಮಗೆ ತಿಳಿಸಿದ್ದನ್ನು ಇಲ್ಲಿ ದಾಖಲಿಸುತ್ತೇನೆ. ಏಕೆಂದರೆ ನಮ್ಮ ಸೀಮೆಯ ಪ್ರತಿ ಮನೆಗೂ ಇದು ಬೇಕಾದ ತಿಳಿವಳಿಕೆ.

ಎರಡು ವರ್ಷದ ಮಗುವಿಗೆ ಕಚ್ಚುವ ಮುಂದಿನ ಹಲ್ಲುಗಳಿರುತ್ತವೆ. ಆದರೆ ಅರೆಯುವ ಹಿಂದಿನ ದವಡೆ ಹಲ್ಲುಗಳು ಸಾಮಾನ್ಯವಾಗಿ ಎರಡರಿಂದ ಮೂರು ವರ್ಷದ ನಡುವೆ ಪೂರ್ಣವಾಗುತ್ತವೆ. ಆದ್ದರಿಂದ ಬೀಜವನ್ನು ಕಚ್ಚಿ ಹೋಳು ಮಾಡಬಲ್ಲದು, ನುಣ್ಣಗೆ ಅರೆಯಲಾರದು. ತಿನ್ನುವಾಗ ನಕ್ಕರೆ, ಅತ್ತರೆ, ಓಡಿದರೆ ಉಸಿರಿನ ಜೊತೆಗೆ ಆ ಹೋಳು ಶ್ವಾಸನಾಳಕ್ಕೆ ಇಳಿಯುತ್ತದೆ. ಮೊದಲು ಜೋರಾಗಿ ಕೆಮ್ಮು ಬರುತ್ತದೆ. ಹೋಳು ಒಳಗಿನ ಕವಲಿನಲ್ಲಿ ನೆಲೆನಿಂತರೆ ಕೆಮ್ಮು ನಿಂತುಬಿಡುತ್ತದೆ. ನೋಡುವವರಿಗೆ ಎಲ್ಲವೂ ಸರಿಹೋಯಿತೆಂದು ತೋರುತ್ತದೆ. ಆದರೆ ಒಳಗೆ ತೇವಕ್ಕೆ ಬೀಜ ಉಬ್ಬುತ್ತದೆ. ಅದರ ಎಣ್ಣೆಯ ಅಂಶ ನಾಳದ ಒಳಪದರವನ್ನು ಕೆರಳಿಸುತ್ತದೆ. ಕೆಲವು ದಿನಗಳಲ್ಲಿ ಕೆಮ್ಮು, ಜ್ವರ, ಉಬ್ಬಸ ಕಾಣಿಸುತ್ತವೆ. ನೆಗಡಿ ಎಂದೋ ಆಸ್ತಮಾ ಎಂದೋ ತಪ್ಪು ತಿಳಿಯುವುದು ಸುಲಭ. ಕ್ಷ-ಕಿರಣದ ಚಿತ್ರದಲ್ಲಿ ಲೋಹದ ನಾಣ್ಯ ಕಾಣುವಂತೆ ಶೇಂಗಾ ಬೀಜ ಕಾಣುವುದಿಲ್ಲ. ಗಾಳಿ ಒಂದು ಕಡೆ ಸಿಕ್ಕಿಕೊಂಡ ಲಕ್ಷಣ ಮಾತ್ರ ಕೆಲವೊಮ್ಮೆ ಕಾಣುತ್ತದೆ. ಹಾಗಾಗಿ ಮನೆಯವರು ಹೇಳುವ ಒಂದು ಮಾತು ಯಂತ್ರಕ್ಕಿಂತ ಮುಖ್ಯವಾಗುತ್ತದೆ. ಆ ಒಂದು ಮಾತನ್ನೇ ನಾನು ಒಂಬತ್ತು ದಿನ ಬಚ್ಚಿಟ್ಟಿದ್ದೆ.

ಮಗುವಿಗೆ ಅರಿವಳಿಕೆ ಕೊಟ್ಟು ಬಾಯಿಯ ಮೂಲಕ ಸಣ್ಣ ಕೊಳವೆ ಇಳಿಸಿ ಬೀಜವನ್ನು ಹಿಡಿದು ತೆಗೆಯಬೇಕು, ಅದಕ್ಕೆ ಬ್ರಾಂಕೋಸ್ಕೋಪಿ ಎನ್ನುತ್ತಾರೆ ಎಂದರು. 1897ರಲ್ಲಿ ಜರ್ಮನಿಯ ಗುಸ್ತಾವ್ ಕಿಲಿಯನ್ ಎಂಬ ವೈದ್ಯರು ಒಬ್ಬ ರೈತನ ಶ್ವಾಸನಾಳದೊಳಗೆ ಹೀಗೆಯೇ ಕೊಳವೆ ಇಳಿಸಿ ಸಿಕ್ಕಿಕೊಂಡಿದ್ದ ಮೂಳೆಯ ಚೂರನ್ನು ತೆಗೆದದ್ದು ಈ ವಿದ್ಯೆಯ ಆರಂಭವೆಂದು ಆಮೇಲೆ ಓದಿ ತಿಳಿದೆ. ಒಬ್ಬ ರೈತನಿಂದ ಮೊದಲಾದ ವಿದ್ಯೆ ನೂರಿಪ್ಪತ್ತೈದು ವರ್ಷ ಕಳೆದು ನಮ್ಮ ಶೇಂಗಾ ಸೀಮೆಯ ಕೂಸಿನ ಎದೆಗೆ ಬಂದು ಮುಟ್ಟಿತು.

ಬಾಗಿಲು ಮುಚ್ಚಿದ ಮೇಲೆ ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ಕೊರಳಿನ ಕರಡಿಗೆಯನ್ನು ಬಿಚ್ಚಿ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಐವತ್ತು ವರ್ಷಗಳ ಅಭ್ಯಾಸದ ಮಂತ್ರ ಬಾಯಿಗೆ ಬರಲಿಲ್ಲ. ಬರಿಯ ಅಂಗೈಯನ್ನು ಮುಖದ ಮುಂದೆ ಹಿಡಿದು ಕೂರುತ್ತಿದ್ದ ಮಗುವೇ ಕಣ್ಣೆದುರು ಬಂತು. ಮಗ ಬಂದು ಪಕ್ಕದಲ್ಲಿ ಕುಳಿತ. ಅವನು ನನ್ನನ್ನು ಬೈಯಬಹುದಿತ್ತು. ಅವನ ಬಾಲ್ಯದಲ್ಲಿ ನಾನು ಇರಲಿಲ್ಲ. ಅವನ ಮಗನ ಬಾಲ್ಯದಲ್ಲಿ ಇದ್ದು ಹೀಗೆ ಮಾಡಿದೆ. ಅವನು ಏನೂ ಅನ್ನದೆ, “ಅಪ್ಪಾಜಿ, ಬೆಳಿಗ್ಗೆಯಿಂದ ಏನೂ ತಗೊಂಡಿಲ್ಲ, ಚಹಾ ತರ್ಲಾ?” ಎಂದು ಕೇಳಿದ. ನನಗೆ ಉತ್ತರ ಕೊಡಲಾಗಲಿಲ್ಲ.

ಮುಕ್ಕಾಲು ತಾಸಿನ ಮೇಲೆ ವೈದ್ಯರು ಹೊರಗೆ ಬಂದು ಒಂದು ಪುಟ್ಟ ಸೀಸೆಯನ್ನು ತೋರಿಸಿದರು. ಅದರೊಳಗೆ ಅರ್ಧ ಬೀಜ. ಉಬ್ಬಿ ಮೆತ್ತಗಾದ ಒಂದೇ ಒಂದು ಬೇಳೆ. ಒಂದು ಮನೆಯ ಬೆಳಕನ್ನು ನಂದಿಸಲು ಅಷ್ಟು ಸಾಕಾಗಿತ್ತು. ಶಿವನ ಕೃಪೆಯಿಂದಲೂ ಆ ವೈದ್ಯರ ಕೈಚಳಕದಿಂದಲೂ ಮಗು ಉಳಿಯಿತು. ಮೂರನೆಯ ದಿನ ಮನೆಗೆ ಬಂದೆವು.

ಅಂದು ರಾತ್ರಿ ಸೊಸೆಯನ್ನು ಕರೆದು, “ತಪ್ಪಾಯಿತವ್ವ. ಬೀಜ ಕೊಟ್ಟದ್ದಕ್ಕಿಂತ ಅದನ್ನು ಮುಚ್ಚಿಟ್ಟದ್ದು ದೊಡ್ಡ ತಪ್ಪು” ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಮಾವಾರೆ, ಕೊಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ. ಯಾರ ಕೈಯಿಂದಾದ್ರೂ ಆಗಬಹುದಿತ್ತು. ಆದ್ರೆ ನಾನು ಕೇಳಿದಾಗ ನೀವು ಹೇಳಲಿಲ್ಲ. ಇನ್ಮುಂದೆ ನಾನು ಕೇಳಿದ್ರೆ ನಿಜ ಹೇಳ್ತೀರಿ ಅಂತ ನನಗೆ ನಂಬಿಕೆ ಬರಬೇಕಲ್ಲ, ಅಷ್ಟೇ” ಎಂದಳು. ಯಾವ ಗುರುಪೀಠದ ಮುಂದೆಯೂ ನಾನು ಅಷ್ಟು ತಲೆ ತಗ್ಗಿಸಿ ನಿಂತವನಲ್ಲ.

ಮುಂದಿನ ಸೋಮವಾರ ಸ್ನೇಹಿತರು ಬರಲು ಹಿಂಜರಿದರು. ನಾನೇ ಮನೆಮನೆಗೆ ಹೋಗಿ ಕರೆತಂದೆ. ನಡೆದದ್ದನ್ನೆಲ್ಲ ಮರೆಮಾಚದೆ ಹೇಳಿದೆ. ರೈತ ಮಿತ್ರರು ಕಣ್ಣೀರು ತೆಗೆದರು: “ನನ್ನ ಚೀಲದ ಬೀಜ ಸ್ವಾಮಿ!” ಬೀಜದ ತಪ್ಪಲ್ಲ, ಬೆರಳಿನ ತಪ್ಪು ಎಂದೆ. ಅಂದು ಸೊಸೆಯೇ ನಮ್ಮ ಕೂಟಕ್ಕೆ ಗುರುವಾಗಿ ಕುಳಿತು, ಆಸ್ಪತ್ರೆಯಲ್ಲಿ ಕಲಿತು ಬಂದದ್ದನ್ನು ಎಲ್ಲರಿಗೂ ಹೇಳಿಕೊಟ್ಟಳು.

ನಾಲ್ಕೈದು ವರ್ಷ ತುಂಬುವವರೆಗೆ ಮಕ್ಕಳಿಗೆ ಇಡೀ ಶೇಂಗಾ, ಪುಟಾಣಿ, ಕೊಬ್ಬರಿಯ ಚೂರು ಕೊಡಬಾರದು. ಹುಣಸೆ ಬೀಜ, ಸೀತಾಫಲದ ಬೀಜ, ಅಡಿಕೆ ಚೂರು ಕೈಗೆ ಸಿಗುವಂತೆ ಬಿಡಬಾರದು. ಶೇಂಗಾ ಬೇಕಾದರೆ ನುಣ್ಣಗೆ ಪುಡಿ ಮಾಡಿ ರೊಟ್ಟಿಗೋ ಅನ್ನಕ್ಕೋ ಕಲಸಿ ಕೊಡಬಹುದು. ಓಡಾಡುವ, ನಗುವ, ಅಳುವ ಮಗುವಿನ ಬಾಯಿಗೆ ಏನನ್ನೂ ಹಾಕಬಾರದು, ಕೂರಿಸಿಯೇ ತಿನ್ನಿಸಬೇಕು. ಗಂಟಲಲ್ಲಿ ಸಿಕ್ಕಿದಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಸದ್ದೇ ಹೊರಡದೆ, ಉಸಿರಾಡಲಾಗದೆ ಒದ್ದಾಡಿದರೆ ಮುಂದಕ್ಕೆ ಬಗ್ಗಿಸಿ ಎರಡು ಹೆಗಲಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ತಟ್ಟಬೇಕು. ಅದಕ್ಕೂ ಬಾರದಿದ್ದರೆ, ವರ್ಷ ದಾಟಿದ ಮಗುವಾದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತದೆ ಎದೆಯ ನಡುವೆ ಒತ್ತಬೇಕು. ವಸ್ತು ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಬೇಕು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬಾರದು. ಅದು ಇನ್ನೂ ಒಳಗೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೆಮ್ಮು ನಿಂತರೂ ವೈದ್ಯರಿಗೆ ತೋರಿಸಬೇಕು. ನಡೆದದ್ದನ್ನು ನಡೆದ ಹಾಗೆ ಹೇಳಬೇಕು.

ನೆತ್ತಿಗೆ ಹತ್ತಿತು ಎಂಬುದು ನಮ್ಮ ಭಾಷೆಯ ಮುದ್ದಾದ ಮಾತು. ಆದರೆ ಮೇಲಕ್ಕೆ ಹತ್ತಿತೆಂದು ನಾವು ನೆತ್ತಿ ತಟ್ಟುತ್ತಿರುವಾಗ ಬೀಜ ಕೆಳಕ್ಕೆ, ಎದೆಗೆ ಇಳಿದಿತ್ತು.

ಅಂದಿನಿಂದ ನಾನು ಪ್ರಸಾದಿಸ್ಥಲದ ವಿಷಯವಾಗಿ ಮಾತಾಡುವಾಗ ನಾಲಿಗೆ ತಡೆಯುತ್ತದೆ. ಕೊಡುವುದೇ ದೊಡ್ಡದು ಎಂದು ನಾವು ತಿಳಿದಿದ್ದೇವೆ. ದಾಸೋಹದ ಪರಂಪರೆಯಲ್ಲಿ ಬೆಳೆದ ನಮಗೆ ಬಾಯಿ ತೆರೆದವರನ್ನು ಬರಿದೆ ಕಳಿಸಲು ಮನಸ್ಸಾಗುವುದಿಲ್ಲ. ಆದರೆ ನಮ್ಮ ಮಠದ ಅಡುಗೆಯ ಅಜ್ಜನವರು ಪಂಕ್ತಿಯಲ್ಲಿ ನೀಡುತ್ತ ಬರುವಾಗ ಪ್ರತಿ ಹುಡುಗನ ಮುಂದೆಯೂ ಒಂದು ಗಳಿಗೆ ನಿಂತು ಮುಖ ನೋಡುತ್ತಿದ್ದರು. ಜ್ವರದವನಿಗೆ ಗಂಜಿ, ಹಸಿದವನಿಗೆ ಇನ್ನೊಂದು ಮುದ್ದೆ. ಅವರು ಶಾಸ್ತ್ರ ಓದಿದವರಲ್ಲ. ನಾನು ಶಾಸ್ತ್ರ ಓದಿದೆ. ಅವರು ಮುಖ ನೋಡುತ್ತಿದ್ದುದನ್ನು ಮಾತ್ರ ಓದಲಿಲ್ಲ. ಪಡೆಯುವವರ ಮುಖ ನೋಡದೆ ಕೊಟ್ಟದ್ದು ಪ್ರೀತಿಯಿಂದಲೇ ಇರಬಹುದು, ಅವಧಾನದಿಂದಲ್ಲ. ತಪ್ಪಾದ ಮೇಲೆ ಅದನ್ನು ಒಪ್ಪಿಕೊಳ್ಳುವುದೂ ಅದೇ ಅವಧಾನದ ಇನ್ನೊಂದು ಭಾಗವೆಂದು ಈಗ ತಿಳಿದಿದ್ದೇನೆ.

ಈಗ ಮೊಮ್ಮಗನಿಗೆ ಎರಡೂವರೆ ದಾಟಿದೆ. ಸೋಮವಾರದ ಕೂಟ ನಡೆದಿದೆ. ಮಂಡಕ್ಕಿಯ ತಟ್ಟೆ ಈಗ ಎತ್ತರದ ಮೇಜಿನ ಮೇಲೆ ಇರುತ್ತದೆ. ಮಗು ಬಾಯಿ ತೆರೆದು ನಿಂತರೆ ಬಸ್ಸಿನ ಮಿತ್ರರು, “ತಡಿಯಪ್ಪ, ಅಮ್ಮನ್ನ ಕೇಳೋಣ” ಎಂದು ಅವನ ಕೈ ಹಿಡಿದು ಒಳಗೆ ಕರೆದೊಯ್ಯುತ್ತಾರೆ. ಮೊನ್ನೆ ಅವನು ತನ್ನ ಬಾಳೆಹಣ್ಣಿನ ಚೂರೊಂದನ್ನು ತಂದು ನನ್ನ ಬಾಯಿಗೆ ಹಿಡಿದು, “ತಾತಾ, ಕೂತ್ಕೋ” ಎಂದ. ನಾನು ಕುಳಿತೆ. ಬಾಯಿಗೆ ಹಾಕಿದವನು ಅಲ್ಲಿಂದ ಕದಲಲಿಲ್ಲ. ನಾನು ಅಗಿದು ನುಂಗುವವರೆಗೂ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ.